ಇಟಾಲಿಯನ್ ಕ್ರಿಯಾಪದದಲ್ಲಿ ಒತ್ತು ಎಲ್ಲಿ?

ಒತ್ತು, ಅಂದರೆ ಪದದಲ್ಲಿ ಯಾವ ಉಚ್ಚಾರಾಂಶವನ್ನು ಬಲವಾಗಿ ನುಡಿಯಬೇಕೆಂಬುದನ್ನು ಗುರುತಿಸಲು ನಾನು ಕ್ರಿಯಾಪದದ ಮೂಲರೂಪದಿಂದ ಹೊರಡುವುದಿಲ್ಲ, ‘ನಾನು’ ರೂಪದಿಂದ ಹೊರಡುತ್ತೇನೆ. ವಾಸಿಸು ಎಂಬರ್ಥದ ‘ಅಬಿತಾರೆ’ಯಲ್ಲಿ ಒತ್ತು ‘ತಾ’ ಮೇಲಿದೆ. ಅದನ್ನು ನೆಚ್ಚಿಕೊಂಡರೆ ‘ನಾನು’ ರೂಪಕ್ಕೆ ಬಾಯಿಗೆ ‘ಅಬೀತೊ’ ಬರುತ್ತದೆ, ಅದು ತಪ್ಪು. ಸರಿಯಾದದ್ದು ಆ-ಬಿ-ತೊ. ಅವನು ಎನ್ನಲು ಆ-ಬಿ-ತ. ಅವರು ಎನ್ನಲು ಅದಕ್ಕೇ ‘ನೊ’ ಸೇರಿಸಿ, ಒತ್ತನ್ನು ಕದಲಿಸಬೇಡಿ: ಆ-ಬಿ-ತ-ನೊ. ಒತ್ತು ಕೊನೆಯಿಂದ ನಾಲ್ಕನೆಯದರ ಮೇಲೆ. ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲೇ, ‘ಅಬಿತಾನೊ’ ಎಂದುಬಿಡುತ್ತಾರೆ. ನಾವು, ನೀವು ರೂಪಗಳಲ್ಲಿ ಮಾತ್ರ ಒತ್ತು ಪ್ರತ್ಯಯಕ್ಕೆ ಸರಿಯುತ್ತದೆ: ಅ-ಬಿ-ತ್ಯಾ-ಮೊ, ಅ-ಬಿ-ತಾ-ತೆ.

‘ನಾನು’ ರೂಪದ ಒತ್ತನ್ನು ಊಹಿಸಲಾಗದು. ಕಲಿ ಎಂಬರ್ಥದ ಇಂಪರಾರೆ ‘ಇಮ್-ಪಾ-ರೊ’ ಆಗುತ್ತದೆ, ಅಬಿತಾರೆಯಂತೆ ಮೊದಲಕ್ಕೆ ಹೋಗುವುದಿಲ್ಲ. ಒಳ್ಳೆಯ ನಿಘಂಟುಗಳು ಮೂಲರೂಪದ ಪಕ್ಕದಲ್ಲೇ ಇದನ್ನು ಒತ್ತಿನ ಗುರುತಿನೊಂದಿಗೆ ಕೊಡುತ್ತವೆ. ಅದನ್ನು ಸೇರಿಸಿಯೇ ಬರೆದಿಟ್ಟುಕೊಳ್ಳುತ್ತೇನೆ. ‘ಎರೆ’ ಎಂದು ಕೊನೆಯಾಗುವ ಕ್ರಿಯಾಪದಗಳ ಗುಂಪಿನಲ್ಲಿ ಮೂಲರೂಪವೂ ಎರಡು ಬಗೆ: ನೋಡು ಎಂಬುದಕ್ಕೆ ವೆ-ದೇ-ರೆ, ಬರೆ ಎಂಬುದಕ್ಕೆ ಸ್ಕ್ರೀ-ವೆ-ರೆ.

ಮೇಲಿನ ದೀರ್ಘಗಳು ಸುಮ್ಮನೆ ಹಾಕಿದವಲ್ಲ. ಒತ್ತು ಬಿದ್ದ ಉಚ್ಚಾರಾಂಶ ಸ್ವರದಲ್ಲಿ ಮುಗಿದರೆ ಆ ಸ್ವರ ನಿಜಕ್ಕೂ ಎಳೆಯುತ್ತದೆ. ವ್ಯಂಜನದಲ್ಲಿ ಮುಗಿದರೆ ಎಳೆಯುವುದಿಲ್ಲ: ಪರ್-ಲೊ (ಮಾತಾಡುತ್ತೇನೆ), ಲೆಗ್-ಗೊ (ಓದುತ್ತೇನೆ). ಪದದ ಕೊನೆಯ ಸ್ವರವೂ ಎಳೆಯುವುದಿಲ್ಲ. ಕಪಿಸ್ಕೊ (ನನಗೆ ಅರ್ಥವಾಗುತ್ತದೆ) ಸ್ವಲ್ಪ ತೊಡಕಿನದು. ಬರಹದ ನಿಯಮದಂತೆ ಸಾಲಿನ ಕೊನೆಯಲ್ಲಿ ಒಡೆಯಬೇಕಾದದ್ದು ಕ-ಪಿ-ಸ್ಕೊ, ನಮ್ಮ ಒತ್ತಕ್ಷರದ ಹಾಗೆಯೇ. ಆದರೂ ‘ಪಿ’ ಹ್ರಸ್ವವಾಗಿಯೇ ಉಳಿಯುತ್ತದೆ.

ಛಂದಸ್ಸು ಬಲ್ಲವರು ಒಂದು ಎಚ್ಚರ ವಹಿಸಬೇಕು: ಗುರುವೆಲ್ಲ ಒತ್ತಲ್ಲ. ಪರ್-ಲಾ-ತೆಯಲ್ಲಿ (ನೀವು ಮಾತಾಡುತ್ತೀರಿ) ‘ಪರ್’ ಗುರುವೇ, ಒತ್ತು ಮಾತ್ರ ‘ಲಾ’ ಮೇಲೆ. ಜೋಡಿ ವ್ಯಂಜನ ಕೇಳಿಸಿಕೊಳ್ಳುವುದು ಕನ್ನಡಿಗರಿಗೆ ಸಲೀಸು. ಪರ್-ಲೆ-ರೇ-ಮೊ ಎಂದರೆ ಮಾತಾಡುವೆವು. ಪರ್-ಲೆ-ರೆಮ್-ಮೊ ಎಂದರೆ (ಸಾಧ್ಯವಿದ್ದರೆ) ಮಾತಾಡುತ್ತಿದ್ದೆವು. ಈ ಸೂಕ್ಷ್ಮ ನಮಗೆ ಹುಟ್ಟಿನಿಂದ ಬಂದ ಬಲ, ಅದನ್ನು ಪೂರ್ತಿ ಬಳಸಿಕೊಳ್ಳಬೇಕು.

ಒತ್ತು ಕಾಗುಣಿತವನ್ನೂ ಬದಲಿಸುತ್ತದೆ. ‘ನೀನು ಓದುತ್ತೀ’ ಎಂಬ ಸ್ತೂ-ದಿಗೆ ಕೊನೆಯಲ್ಲಿ ಒಂದೇ ‘ಇ’ ಬರೆಯುತ್ತಾರೆ. ‘ನೀನು ಕಳಿಸುತ್ತೀ’ ಎಂಬ ಇನ್-ವೀ-ಇಯಲ್ಲಿ ಧಾತುವಿನ ‘ಇ’ ಮೇಲೇ ಒತ್ತು ಇರುವುದರಿಂದ ಅದೂ ಪ್ರತ್ಯಯದ ‘ಇ’ಯೂ ಎರಡೂ ಉಳಿಯುತ್ತವೆ.

ಆಜ್ಞಾರೂಪಕ್ಕೆ ಸರ್ವನಾಮ ಅಂಟಿದರೂ ಒತ್ತು ಜಾಗ ಬಿಡದು: ತೆ-ಲೇ-ಫೊ-ನ, ತೆ-ಲೇ-ಫೊ-ನ-ಮಿ (ನನಗೆ ಫೋನ್ ಮಾಡು).