ಕ್ರಿಸ್‌ಮಸ್ ತಟ್ಟೆಗೆ ಟೀ ಘಮದ ಚಾಕೊಲೇಟ್ ಕೇಕ್

ಡಿಸೆಂಬರ್ ಮೂರನೇ ವಾರ ದಾಟುತ್ತಿದ್ದಂತೆ ನಮ್ಮ ಎದುರು ಮನೆಯಿಂದ ಕುಸ್ವಾರ್ ತಟ್ಟೆ, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆ, ಬರುತ್ತದೆ. ನೆವ್ರಿ, ಕಿಡಿಯೊ, ಗುಳಿಯೊ, ಗರಿಗರಿ ರೋಸ್ ಕುಕ್ಕಿ, ಜೊತೆಗೊಂದು ತುಂಡು ಪ್ಲಮ್ ಕೇಕ್. ಹೀಗೆ ಬಂದ ತಟ್ಟೆಯನ್ನು ಖಾಲಿ ವಾಪಸ್ ಕಳಿಸುವ ರೂಢಿ ಮಂಗಳೂರಿನ ಕಡೆ ಇಲ್ಲ. ಮೊದಲೆಲ್ಲ ನಾನು ಬಾಳೆಹಣ್ಣೋ, ಮನೆಯಲ್ಲಿದ್ದ ಚಕ್ಕುಲಿಯೋ ಇಟ್ಟು ಕೊಡುತ್ತಿದ್ದೆ. ಈಗ ನಾಲ್ಕು ವರ್ಷದಿಂದ ಆ ತಟ್ಟೆಯಲ್ಲಿ ಹೋಗುವುದು ಟೀ ಹಾಕಿ ಮಾಡಿದ ಚಾಕೊಲೇಟ್ ಕೇಕ್. ಮೊದಲ ಸಲ ತಿಂದಾಗ ಎದುರು ಮನೆಯ ಬಾಯಮ್ಮ, "ಇದರಲ್ಲಿ ಏನೋ ಒಂದು ಪರಿಮಳ ಉಂಟಲ್ಲ, ಎಂಥದು?" ಅಂತ ಕೇಳಿದ್ದರು. ಟೀ ಅಂದಾಗ ನಂಬಲಿಲ್ಲ. ಇನ್ನೊಂದು ತುಂಡು ತಿಂದು ನೋಡಿದರು.

ಅದಕ್ಕೂ ಮೊದಲು ಮಾಡಿದ ಒಂದು ಕೇಕ್ ಮಾತ್ರ ತಟ್ಟೆಗೆ ಹೋಗಲಿಲ್ಲ. ದಿನಾ ಟೀ ಕುದಿಸುವ ಹಾಗೆಯೇ, ಕೇಕ್ ಮೇಲೆ ಸುರಿಯುವ ಚಾಕೊಲೇಟ್ ಪದರದ ಕ್ರೀಮ್‌ಗೆ ಟೀ ಪುಡಿ ಹಾಕಿ ಐದು ನಿಮಿಷ ಕುದಿಸಿದ್ದೆ. ಬಣ್ಣ ಚೆನ್ನಾಗಿ ಬಂತು. ಬಾಯಿಗಿಟ್ಟರೆ ನಾಲಿಗೆ ಹಿಡಿದುಕೊಂಡಂತಾಯಿತು, ಎಳೆ ಗೇರುಹಣ್ಣು ಕಚ್ಚಿದ ಹಾಗೆ. ಟೀ ಘಮ ಹೋಗಿ ಬರೀ ಒಗರು ಉಳಿದಿತ್ತು.

ಈ ಕೇಕ್‌ನ ಗುಟ್ಟು ಇಷ್ಟೇ: ಎಲೆಯ ಘಮವನ್ನು ತೆಗೆದುಕೊಳ್ಳಬೇಕು, ಒಗರನ್ನು ಎಲೆಯಲ್ಲೇ ಬಿಡಬೇಕು. ಉಳಿದದ್ದೆಲ್ಲ ಮಾಮೂಲಿ ಚಾಕೊಲೇಟ್ ಕೇಕ್ ಕೆಲಸವೇ.

ಘಮ ಬೇರೆ, ಒಗರು ಬೇರೆ

ಟೀಯಲ್ಲಿ ಪರಿಮಳ ಕೊಡುವ ಅಂಶಗಳು ಬೇಗ ಹೊರಗೆ ಬರುತ್ತವೆ. ಅವು ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ, ಹಾಗಾಗಿ ಕ್ರೀಮ್ ಅವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಕುದಿಸುತ್ತಾ ಹೋದರೆ ಆವಿಯ ಜೊತೆ ಹಾರಿಹೋಗುತ್ತವೆ. ಅಡುಗೆಮನೆ ಘಮಘಮ ಅನ್ನುತ್ತದೆ, ಪಾತ್ರೆಯಲ್ಲಿ ಏನೂ ಉಳಿಯುವುದಿಲ್ಲ. ಒಗರು ಕೊಡುವ ಪಾಲಿಫಿನಾಲ್‌ಗಳದ್ದು ಬೇರೆ ದಾರಿ. ಬಿಸಿ ಜಾಸ್ತಿಯಾದಷ್ಟೂ, ಹೊತ್ತು ಜಾಸ್ತಿಯಾದಷ್ಟೂ ಅವು ಬಿಡುತ್ತಲೇ ಇರುತ್ತವೆ.

ಹಾಗಾದರೆ ದಿನಾ ಕುಡಿಯುವ ಟೀ ಅಷ್ಟು ಕುದಿಸಿದರೂ ಯಾಕೆ ಚೆನ್ನಾಗಿರುತ್ತದೆ? ಹಾಲಿನ ಪ್ರೋಟೀನ್ ಆ ಒಗರನ್ನು ಕಟ್ಟಿಹಾಕುತ್ತದೆ, ಸಕ್ಕರೆ ಮಿಕ್ಕಿದ್ದನ್ನು ಮುಚ್ಚುತ್ತದೆ. ಕ್ರೀಮ್‌ನಲ್ಲಿ ಕೊಬ್ಬು ಜಾಸ್ತಿ, ಪ್ರೋಟೀನ್ ಕಡಿಮೆ. ಸಾಲದ್ದಕ್ಕೆ ಡಾರ್ಕ್ ಚಾಕೊಲೇಟ್‌ಗೆ ತನ್ನದೇ ಒಗರಿದೆ. ಎರಡೂ ಸೇರಿದರೆ ಕೇಕ್ ತಿನ್ನಲು ಆಗುವುದಿಲ್ಲ.

ಯಾವ ಟೀ, ಯಾವ ಚಾಕೊಲೇಟ್

ನಾವು ದಿನಾ ಬಳಸುವ ಗುಂಡು ಗುಂಡಾದ ಸಿಟಿಸಿ ಪುಡಿ ಬೇಗ ಬಣ್ಣ ಬಿಡಲೆಂದೇ ತಯಾರಾದದ್ದು. ಎಲೆಯನ್ನು ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿ ಮಾಡಿರುತ್ತಾರೆ. ಕೇಕ್ ಹಿಟ್ಟಿಗೆ ಹಾಕುವ ಡಿಕಾಕ್ಷನ್‌ಗೆ ಅದು ಪರವಾಗಿಲ್ಲ. ಮೇಲಿನ ಕ್ರೀಮ್‌ಗೆ ಮಾತ್ರ ಎಲೆ ಟೀಯೇ ಬೇಕು. ನನಗೆ ಇಷ್ಟವಾದದ್ದು ನೀಲಗಿರಿ ಎಲೆ ಟೀ. ಅದರಲ್ಲಿ ಒಂದು ಹೂವಿನಂಥ ಘಮ ಇದೆ, ಒಗರೂ ಕಡಿಮೆ. ಚಿಕ್ಕಮಗಳೂರು, ಸಕಲೇಶಪುರದ ಕಡೆ ಬೆಳೆಯುವ ಟೀಯ ಎಲೆ ಸಿಕ್ಕರೆ ಅದನ್ನೂ ಧಾರಾಳವಾಗಿ ಬಳಸಿ. ಅರ್ಲ್ ಗ್ರೇ ಅಂತ ಸಿಗುತ್ತದಲ್ಲ, ಅದು ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಎಣ್ಣೆ ಸೇರಿಸಿದ ಕಪ್ಪು ಟೀ. ಚಾಕೊಲೇಟ್ ಜೊತೆ ಬಹಳ ಚೆನ್ನಾಗಿ ಹೊಂದುತ್ತದೆ. ಅದು ಸಿಗದಿದ್ದರೆ ನೀಲಗಿರಿ ಟೀ ಜೊತೆ ಅರ್ಧ ಕಿತ್ತಳೆಯ ಸಿಪ್ಪೆ ತುರಿದು ಹಾಕಿ. ಒಳಗಿನ ಬಿಳಿ ಭಾಗ ಬರಬಾರದು, ಅದು ಕಹಿ.

ಮಸಾಲೆ ಬೇಕೆನ್ನುವವರು ಮೂರು ಏಲಕ್ಕಿ, ಎರಡು ಲವಂಗ, ಬೆರಳಿನ ಒಂದು ಗಿಣ್ಣಿನಷ್ಟು ಚಕ್ಕೆಯನ್ನು ಕ್ರೀಮ್‌ನಲ್ಲಿ ಹಾಕಬಹುದು. ಶುಂಠಿ ಬೇಕಿದ್ದರೆ ಒಣಶುಂಠಿ ಪುಡಿಯೇ ಆಗಲಿ. ಹಸಿಶುಂಠಿಯ ರಸ ಬಿಸಿ ಕ್ರೀಮ್‌ಗೆ ಬಿದ್ದರೆ ಅದು ಒಡೆಯಬಹುದು.

ಚಾಕೊಲೇಟ್ ಕೊಳ್ಳುವಾಗ ದಯವಿಟ್ಟು ಪೊಟ್ಟಣದ ಹಿಂಬದಿ ಓದಿ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಗಟ್ಟಿ ಇಟ್ಟಿಗೆ ಹೆಚ್ಚಾಗಿ 'ಕಾಂಪೌಂಡ್' ಆಗಿರುತ್ತದೆ. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಯಲ್ಲಿ ಕರಗುತ್ತದೆ, ಅಂದರೆ ನಮ್ಮ ಮೈ ಬಿಸಿಗಿಂತ ಸ್ವಲ್ಪ ಕಡಿಮೆ. ನಾಲಿಗೆ ಮೇಲೆ ಇಟ್ಟ ಕೂಡಲೇ ಕರಗಿ, ಒಳಗಿದ್ದ ಟೀ ಘಮವನ್ನು ಬಿಡುತ್ತದೆ. ಕಾಂಪೌಂಡ್ ಹಾಗೆ ಕರಗದೆ ಬಾಯಿಯಲ್ಲಿ ಮೇಣದ ಹಾಗೆ ಅಂಟಿಕೊಳ್ಳುತ್ತದೆ. ಇಷ್ಟು ಕಷ್ಟಪಟ್ಟು ಟೀ ನೆನೆಸಿ ಅದರಲ್ಲಿ ಹಾಕಿದರೆ ಏನು ಪ್ರಯೋಜನ? 50ರಿಂದ 60 ಪರ್ಸೆಂಟ್ ಕೋಕೋ ಇರುವ ಡಾರ್ಕ್ ಚಾಕೊಲೇಟ್ ಸಾಕು. 70 ದಾಟಿದರೆ ಟೀ ಅಡಗಿಹೋಗುತ್ತದೆ.

ದಕ್ಷಿಣ ಕನ್ನಡದ ನಮಗೆ ಕೋಕೋ ಹೊರಗಿನ ಬೆಳೆ ಅನ್ನಿಸುವುದೇ ಇಲ್ಲ. ಅಡಿಕೆ ತೋಟದ ನೆರಳಲ್ಲಿ, ಕಾಂಡಕ್ಕೇ ಅಂಟಿಕೊಂಡು ತೂಗುವ ಕಾಯಿ ನೋಡುತ್ತಲೇ ಬೆಳೆದವರು ನಾವು. ಚಿಕ್ಕವರಿದ್ದಾಗ ಹಣ್ಣು ಒಡೆದು ಬೀಜದ ಮೇಲಿನ ಬಿಳಿ ತಿರುಳು ಚೀಪುತ್ತಿದ್ದೆವು. ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದು 1973ರಲ್ಲಿ, ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಶುರುವಾದದ್ದು 1986ರಲ್ಲಿ. ತೋಟದಲ್ಲಿ ಕಂಡ ಕಾಯಿ ಕೇಕ್ ಆಗಿ ತಟ್ಟೆಗೆ ಬರುತ್ತದೆ ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ.

ಸಾಮಾನು

ಏಳು ಇಂಚಿನ ಚೌಕ ಟಿನ್‌ಗೆ ಅಳತೆ ಹೇಳುತ್ತೇನೆ. ಚೌಕ ಯಾಕೆಂದರೆ ತಟ್ಟೆಗೆ ಸಣ್ಣ ತುಂಡು ಮಾಡಲು ಸುಲಭ. 25 ತುಂಡು ಆಗುತ್ತದೆ.

ಕೇಕ್‌ಗೆ: ಮೈದಾ 125 ಗ್ರಾಂ, ಸಕ್ಕರೆ 175 ಗ್ರಾಂ, ಸಿಹಿಯಿಲ್ಲದ ಕೋಕೋ ಪುಡಿ 35 ಗ್ರಾಂ, ಬೇಕಿಂಗ್ ಪೌಡರ್ ಮುಕ್ಕಾಲು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಉಪ್ಪು ಕಾಲು ಟೀ ಚಮಚ, ಗಟ್ಟಿ ಮೊಸರು 120 ಗ್ರಾಂ, ವಾಸನೆ ಇಲ್ಲದ ಎಣ್ಣೆ 60 ಮಿ.ಲೀ., ಮೊಟ್ಟೆ 1, ಟೀ ಪುಡಿ 8 ಗ್ರಾಂ. ಮೊಟ್ಟೆ ಬೇಡದವರು ಅದರ ಬದಲು ಇನ್ನೂ 60 ಗ್ರಾಂ ಮೊಸರು ಹಾಕಿ.

ಮೇಲಿನ ಗನಾಶ್‌ಗೆ (ಬಿಸಿ ಕ್ರೀಮ್‌ನಲ್ಲಿ ಚಾಕೊಲೇಟ್ ಕರಗಿಸಿ ಮಾಡುವ ಪದರ): ಫ್ರೆಶ್ ಕ್ರೀಮ್ 250 ಮಿ.ಲೀ., ಡಾರ್ಕ್ ಚಾಕೊಲೇಟ್ 200 ಗ್ರಾಂ, ಎಲೆ ಟೀ 12 ಗ್ರಾಂ, ಉಪ್ಪಿಲ್ಲದ ಬೆಣ್ಣೆ 20 ಗ್ರಾಂ.

ಹಿಂದಿನ ರಾತ್ರಿ: ಕ್ರೀಮ್‌ಗೆ ಟೀ

ಸಮಯ ಇದ್ದರೆ ಒಲೆಯೇ ಬೇಡ. ತಣ್ಣಗಿನ ಕ್ರೀಮ್‌ಗೆ ಎಲೆ ಟೀ ಹಾಕಿ ಕಲಸಿ, ಮುಚ್ಚಿ, ಫ್ರಿಜ್‌ನಲ್ಲಿ 12 ಗಂಟೆ ಇಡಿ. ತಣ್ಣಗಿದ್ದಾಗ ಘಮ ನಿಧಾನವಾಗಿ ಇಳಿಯುತ್ತದೆ, ಒಗರು ಹೆಚ್ಚು ಬಿಡುವುದಿಲ್ಲ. ನಾನು 23ರ ರಾತ್ರಿ ಈ ಕೆಲಸ ಮುಗಿಸಿ ಮಲಗುತ್ತೇನೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಕ್ರೀಮ್ ತೆಳು ಕಂದು ಬಣ್ಣಕ್ಕೆ ತಿರುಗಿರುತ್ತದೆ.

ಅವಸರವಿದ್ದರೆ ಕ್ರೀಮ್ ಅನ್ನು ಸಣ್ಣ ಉರಿಯಲ್ಲಿಡಿ. ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣಿಸಿದ ತಕ್ಷಣ ಒಲೆ ಆರಿಸಿ. ಉಕ್ಕಬಾರದು. ಆಮೇಲೆ ಎಲೆ ಹಾಕಿ, ಮುಚ್ಚಿ, ಎಂಟರಿಂದ ಹತ್ತು ನಿಮಿಷ ಬಿಡಿ. ಎಂಟನೇ ನಿಮಿಷಕ್ಕೆ ಚಮಚದಲ್ಲಿ ರುಚಿ ನೋಡಿ. ಘಮ ಸಾಲದು ಅನ್ನಿಸಿದರೆ ಮುಂದಿನ ಸಲ ಎಲೆ ಜಾಸ್ತಿ ಹಾಕಿ, ಹೊತ್ತು ಮಾತ್ರ ಜಾಸ್ತಿ ಮಾಡಬೇಡಿ.

ಸೋಸುವಾಗ ಸ್ವಲ್ಪ ತಾಳ್ಮೆ ಬೇಕು. ಎಲೆ ಉಬ್ಬಿ ಕ್ರೀಮ್ ಹೀರಿಕೊಂಡಿರುತ್ತದೆ. ಜರಡಿಯಲ್ಲಿ ಹಾಕಿ ಚಮಚದ ಬೆನ್ನಿನಿಂದ ಮೆಲ್ಲಗೆ ಒತ್ತಿ. ಬಟ್ಟೆಯಲ್ಲಿ ಕಟ್ಟಿ ಹಿಂಡಬೇಡಿ, ಕೊನೆಯ ಹನಿಗಳಲ್ಲೇ ಒಗರು ಇರುವುದು. ಸೋಸಿದ ಮೇಲೆ ತೂಕ ಮಾಡಿ. 200 ಗ್ರಾಂ ಇರಬೇಕು. ಕಡಿಮೆ ಬಂದರೆ ಬೇರೆ ಕ್ರೀಮ್ ಸೇರಿಸಿ ಸರಿಮಾಡಿ. ಈ ತೂಕ ಬಿಟ್ಟರೆ ಗನಾಶ್ ಕಲ್ಲಾಗುತ್ತದೆ, ಆಮೇಲೆ ಚಾಕೊಲೇಟ್ ಸರಿ ಇಲ್ಲ ಅಂತ ಅಂಗಡಿಯವರನ್ನು ಬೈಯುತ್ತೇವೆ.

ಕೇಕ್ ಬೇಯಿಸುವುದು

ಒಟಿಜಿಯನ್ನು (ಮನೆಯಲ್ಲಿಡುವ ಸಣ್ಣ ಕರೆಂಟ್ ಓವನ್) 175 ಡಿಗ್ರಿಗೆ ಇಟ್ಟು 15 ನಿಮಿಷ ಮೊದಲೇ ಬಿಸಿಮಾಡಿ. ಟಿನ್‌ಗೆ ಎಣ್ಣೆ ಸವರಿ, ಬಟರ್ ಪೇಪರ್ ಹಾಸಿ. ಎರಡು ಬದಿ ಪೇಪರ್ ಸ್ವಲ್ಪ ಹೊರಗೆ ಚಾಚಿರಲಿ, ಎತ್ತಲು ಸುಲಭ.

160 ಮಿ.ಲೀ. ನೀರು ಕುದಿಸಿ, ಒಲೆ ಆರಿಸಿ, ಟೀ ಪುಡಿ ಹಾಕಿ ನಾಲ್ಕು ನಿಮಿಷ ಮುಚ್ಚಿಡಿ. ಸೋಸಿದಾಗ 120 ಮಿ.ಲೀ. ಡಿಕಾಕ್ಷನ್ ಸಿಗಬೇಕು. ಬಿಸಿ ಇರುವಾಗಲೇ ಅದನ್ನು ಕೋಕೋ ಪುಡಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ, ಗಂಟಿಲ್ಲದಂತೆ ಕಲಸಿ. ಇಲ್ಲಿ ಒಂದು ಕ್ಷಣ ನಿಂತು ನೋಡಿ. ಮಂಕಾಗಿದ್ದ ಪುಡಿ ಕಣ್ಣೆದುರೇ ಗಾಢ ಕಂದಾಗಿ ಹೊಳೆಯುತ್ತದೆ, ಟೀ ಮತ್ತು ಕೋಕೋದ ವಾಸನೆ ಒಟ್ಟಿಗೆ ಏಳುತ್ತದೆ. ತಣ್ಣೀರಲ್ಲಿ ಕಲಸಿದರೆ ಈ ಘಮ ಬರುವುದಿಲ್ಲ. ಹತ್ತು ನಿಮಿಷ ಆರಲು ಬಿಡಿ.

ಇನ್ನೊಂದು ಪಾತ್ರೆಯಲ್ಲಿ ಮೊಸರು, ಎಣ್ಣೆ, ಸಕ್ಕರೆ, ಮೊಟ್ಟೆ ಸೇರಿಸಿ, ಸಕ್ಕರೆ ಬಹುಪಾಲು ಕರಗುವ ತನಕ ಕಡೆಯಿರಿ. ಉಗುರು ಬೆಚ್ಚಗಾದ ಕೋಕೋ ಮಿಶ್ರಣ ಹಾಕಿ. ಮೈದಾ, ಬೇಕಿಂಗ್ ಪೌಡರ್, ಸೋಡಾ, ಉಪ್ಪು ಒಟ್ಟಿಗೆ ಜರಡಿ ಹಿಡಿದು ಎರಡು ಸಲಕ್ಕೆ ಸೇರಿಸಿ. ಬಿಳಿ ಕಾಣದಾದ ಕೂಡಲೇ ಕಲಸುವುದು ನಿಲ್ಲಿಸಿ. ಹಿಟ್ಟು ದೋಸೆ ಹಿಟ್ಟಿನಷ್ಟು ತೆಳ್ಳಗಿರುತ್ತದೆ. ಗಾಬರಿಯಾಗಿ ಮೈದಾ ಸುರಿಯಬೇಡಿ, ಅದು ಹಾಗೇ ಇರಬೇಕು. ಸೋಡಾ ಮೊಸರಿನ ಜೊತೆ ಆಗಲೇ ಕೆಲಸ ಶುರು ಮಾಡಿರುತ್ತದೆ, ಹಾಗಾಗಿ ಹಿಟ್ಟನ್ನು ಕಾಯಿಸದೆ ತಕ್ಷಣ ಒಳಗಿಡಿ.

ನಡುವಿನ ಹಲಗೆಯಲ್ಲಿ 30ರಿಂದ 35 ನಿಮಿಷ. ಮೊದಲ 25 ನಿಮಿಷ ಬಾಗಿಲು ತೆಗೆಯಬೇಡಿ. ಮೇಲ್ಭಾಗ ಬೇಗ ಗಟ್ಟಿಯಾಗುತ್ತಿದ್ದರೆ ಆಮೇಲೆ ಫಾಯಿಲ್ ಮುಚ್ಚಿ. ಕಡ್ಡಿ ಚುಚ್ಚಿದಾಗ ಒಂದೆರಡು ಒದ್ದೆ ಪುಡಿ ಅಂಟಿ ಬಂದರೆ ಸರಿಯಾಗಿದೆ. ಹಸಿ ಹಿಟ್ಟು ಬಂದರೆ ಇನ್ನೂ ಐದು ನಿಮಿಷ.

ಒಟಿಜಿ ಇಲ್ಲದವರು ಏಳು ಇಂಚಿನ ದುಂಡು ಟಿನ್ ತೆಗೆದುಕೊಳ್ಳಿ. ದೊಡ್ಡ ಕುಕ್ಕರ್‌ನ ಗ್ಯಾಸ್ಕೆಟ್, ವಿಷಲ್ ಎರಡನ್ನೂ ತೆಗೆದು, ಅಡಿಯಲ್ಲಿ ಒಂದು ಬಟ್ಟಲು ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಬಿಸಿಮಾಡಿ. ಆಮೇಲೆ ಸಣ್ಣ ಉರಿಯಲ್ಲಿ 45ರಿಂದ 50 ನಿಮಿಷ. ನೀರು ಹಾಕಬಾರದು.

ಕೇಕ್ ಪೂರ್ತಿ ಆರಬೇಕು. ಬೆಚ್ಚಗಿರುವಾಗ ಗನಾಶ್ ಸುರಿದರೆ ಅದು ಕರಗಿ ಬದಿಗೆ ಇಳಿಯುತ್ತದೆ.

ಗನಾಶ್

ಚಾಕೊಲೇಟ್ ಅನ್ನು ಸಣ್ಣಗೆ ಹೆಚ್ಚಿ ಒಣ ಪಾತ್ರೆಯಲ್ಲಿಡಿ. ಸೋಸಿದ ಕ್ರೀಮ್ ಅನ್ನು ಮತ್ತೆ ಅಂಚಿನಲ್ಲಿ ಗುಳ್ಳೆ ಬರುವಷ್ಟೇ ಬಿಸಿಮಾಡಿ ಅದರ ಮೇಲೆ ಸುರಿಯಿರಿ. ಎರಡು ನಿಮಿಷ ಸುಮ್ನೆ ಬಿಡಿ, ಕೈ ಹಾಕಬೇಡಿ. ಆಮೇಲೆ ನಡುವಿನಿಂದ ಶುರುಮಾಡಿ ಸಣ್ಣ ಸುತ್ತಿನಲ್ಲಿ ಕಲಸುತ್ತಾ ಹೊರಗೆ ಬನ್ನಿ. ಮೊದಲು ಒಡೆದ ಹಾಗೆ ಕಾಣುತ್ತದೆ, ನಂತರ ನಡುವೆ ಒಂದು ಹೊಳೆಯುವ ಚುಕ್ಕಿ ಮೂಡಿ ದೊಡ್ಡದಾಗುತ್ತಾ ಹೋಗುತ್ತದೆ. ಕೊನೆಗೆ ಬೆಣ್ಣೆ ಸೇರಿಸಿ. ಎಣ್ಣೆ ತೇಲಿದರೆ ಒಂದು ಚಮಚ ಬೆಚ್ಚಗಿನ ಹಾಲು ಹಾಕಿ ಮೆಲ್ಲಗೆ ಕಲಸಿ, ಕೂಡಿಕೊಳ್ಳುತ್ತದೆ.

ಕೇಕ್ ಮೇಲೆ ಸುರಿದು ಚಮಚದಿಂದ ಹರಡಿ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಮೂರು ನಾಲ್ಕು ಗಂಟೆಗೆ ತಾನೇ ಗಟ್ಟಿಯಾಗುತ್ತದೆ. ಮಂಗಳೂರಿನ ಮಧ್ಯಾಹ್ನಕ್ಕೆ ಅದು ಆಗದ ಮಾತು, ಒಂದು ಗಂಟೆ ಫ್ರಿಜ್ ಬೇಕು. ಮೇಲೆ ಹುರಿದ ಗೋಡಂಬಿ ಚೂರು ಅಥವಾ ಕಿತ್ತಳೆ ಸಿಪ್ಪೆಯ ಎಳೆ ಸಾಕು. ಬಣ್ಣದ ಸಕ್ಕರೆ ಮಣಿ ನನಗೆ ಹಿಡಿಸುವುದಿಲ್ಲ, ಅದರ ಸಿಹಿ ಟೀ ಘಮವನ್ನು ತಿಂದುಬಿಡುತ್ತದೆ.

ಕತ್ತರಿಸುವಾಗ ಚಾಕುವನ್ನು ಬಿಸಿನೀರಲ್ಲಿ ಅದ್ದಿ, ಒರೆಸಿ, ಒಂದೊಂದು ಗೆರೆ ಎಳೆಯಿರಿ. ಪ್ರತಿ ಸಲವೂ ಒರೆಸಬೇಕು. ಹೊರಗೆ ಒಂದು ದಿನ ಇಡಬಹುದು, ಫ್ರಿಜ್‌ನಲ್ಲಿ ನಾಲ್ಕು ದಿನ. ತಣ್ಣಗಿದ್ದಾಗ ಟೀ ಪರಿಮಳ ಮೂಗಿಗೆ ತಾಗುವುದೇ ಇಲ್ಲ, ಆದ್ದರಿಂದ ಕೊಡುವ ಒಂದು ಗಂಟೆ ಮೊದಲು ಹೊರಗಿಡಿ. ಮಾಡಿದ ದಿನಕ್ಕಿಂತ ಮರುದಿನ ರುಚಿ ಜಾಸ್ತಿ. ಅದಕ್ಕೇ ನಾನು 24ರಂದು ಬೇಯಿಸಿ, 25ರ ಬೆಳಿಗ್ಗೆ ಬಾಯಮ್ಮ ಇಗರ್ಜಿಯಿಂದ ವಾಪಸ್ ಬರುವ ಹೊತ್ತಿಗೆ ತಟ್ಟೆ ತೊಳೆದು ಒರೆಸಿ, ಬಾಳೆಲೆ ತುಂಡು ಹಾಸಿ, ಒಂಬತ್ತು ತುಂಡು ಜೋಡಿಸಿ ಕಳಿಸುತ್ತೇನೆ.