ಪಟ್ಟಾಯದ ಸಾಂಗ್‌ಕ್ರಾನ್: ನೆಲೆಸಿರುವ ವಿದೇಶಿಯರಿಗೆ

ಥಾಯ್ಲೆಂಡಿನಲ್ಲಿ ಸಾಂಗ್‌ಕ್ರಾನ್, ಅಂದರೆ ನೀರೆರಚಿ ಆಚರಿಸುವ ಥಾಯ್ ಹೊಸವರ್ಷದ ಹಬ್ಬ, ಏಪ್ರಿಲ್ 13ರಿಂದ 15ರವರೆಗೆ. ಪಟ್ಟಾಯದಲ್ಲಿ ನೀರಾಟ ಅಲ್ಲಿಗೆ ನಿಲ್ಲದು: 18ಕ್ಕೆ ನಗರದ ಉತ್ತರಭಾಗದ ನಾಕ್ಲುವಾದಲ್ಲಿ, 19ಕ್ಕೆ ಬೀಚ್ ರೋಡ್ ತುಂಬ 'ವಾನ್ ಲೈ', ಅಂದರೆ ಹಬ್ಬದ ಕೊನೆಯ ನೀರಾಟ. ಒದ್ದೆಯಾಗಲು ಇಷ್ಟವಿಲ್ಲದವರು ದಿನಸಿಯನ್ನು ಮೊದಲೇ ತಂದಿಟ್ಟುಕೊಳ್ಳಿ.

ಫೋನ್, ನೋಟುಗಳನ್ನು ಜಲನಿರೋಧಕ ಚೀಲಕ್ಕೆ ಹಾಕಿ, ಆದರೆ ಮೊದಲು ಖಾಲಿ ಚೀಲವನ್ನು ಮನೆಯಲ್ಲೇ ಸಿಂಕ್‌ನಲ್ಲಿ ಮುಳುಗಿಸಿ ಪರೀಕ್ಷಿಸಿ; ಅಗ್ಗದವು ಸೋರುವುದು ಮುಚ್ಚಳದ ಅಂಚಿನಲ್ಲೇ. ಪಾಸ್‌ಪೋರ್ಟ್ ಮನೆಯಲ್ಲಿರಲಿ, ನಕಲು ಸಾಕು. ಕಾಂಟ್ಯಾಕ್ಟ್ ಲೆನ್ಸ್ ಬೇಡ: ಕೊಳಕು ನೀರು ಲೆನ್ಸ್‌ನಡಿ ನಿಂತರೆ ಕಣ್ಣಿಗೆ ಸೋಂಕು. ಈಜುಗನ್ನಡಕವೇ ಲೇಸು, ಚೆಂದ ಕಾಣದಿದ್ದರೂ.

ಭಿಕ್ಷುಗಳು, ವೃದ್ಧರು, ಕೂಸುಗಳ ಮೇಲೆ ಎರಚಬೇಡಿ. ಬೈಕ್ ಸವಾರರ ಮೇಲಂತೂ ಬೇಡವೇ ಬೇಡ. ಮುಖಕ್ಕೆ ಬಡಿದ ಒಂದು ಬಕೆಟ್ ನೀರಿಗೇ ಆಯ ತಪ್ಪುತ್ತದೆ. ನೀವೂ ಆ ದಿನಗಳಲ್ಲಿ ನಡೆದೇ ಹೋಗಿ.