ಒಂದೇ ಬಿಲ್ಲು ಎರಡು ಸಲ ಏರುತ್ತಿದ್ದರೆ

ಮುಂಬೈಯ ಮಾಟುಂಗಾದ ಉಡುಪಿ ಹೋಟೆಲೊಂದರ ಬಿಲ್ಲಿನ ಆ್ಯಪ್ ಪ್ರತಿ ಬಿಲ್ಲನ್ನೂ ಮೊದಲು ಫೋನಿನೊಳಗಿನ ಪುಟ್ಟ ಡೇಟಾಬೇಸ್ ಎಸ್‌ಕ್ಯೂಲೈಟ್‌ನಲ್ಲಿ ಬರೆದುಕೊಂಡು, ನೆಟ್ ಸಿಕ್ಕಾಗ ಕ್ಲೌಡ್ ಸರ್ವರ್‌ನಲ್ಲಿರುವ ಡೇಟಾಬೇಸ್ ಪೋಸ್ಟ್‌ಗ್ರೆಸ್‌ಗೆ ಕಳುಹಿಸುತ್ತದೆ. ಮಳೆಗಾಲದಲ್ಲಿ ನೆಟ್ ಕೈಕೊಡತೊಡಗಿದ್ದೇ ತಡ, ಕೆಲವು ಬಿಲ್ಲುಗಳು ಎರಡೆರಡು ಸಲ ಏರಿದವು. “ಗಲ್ಲಾದಲ್ಲಿ ಇಲ್ಲದ ದುಡ್ಡು ಲೆಕ್ಕದಲ್ಲಿ ಎಲ್ಲಿಂದ ಬಂತು ಮಾರಾಯರೇ?” ಎಂದರು ಹೋಟೆಲಿನ ಶೆಟ್ಟರು.

ದಾಖಲೆ ಸರ್ವರ್ ಸೇರಿದರೂ ‘ತಲುಪಿತು’ ಎಂಬ ಉತ್ತರ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಫೋನ್ ಮತ್ತೆ ಕಳುಹಿಸುತ್ತಿತ್ತು, ಸರ್ವರ್ ಅದಕ್ಕೆ ಹೊಸ ಸಂಖ್ಯೆ ಕೊಡುತ್ತಿತ್ತು. ಬಿಲ್ಲು ಹುಟ್ಟುವಾಗಲೇ ಫೋನಿನಲ್ಲಿ ಯುಯುಐಡಿ (ಮತ್ತೊಂದಕ್ಕೆ ಬಾರದಂಥ ಗುರುತಿನ ಸಂಖ್ಯೆ) ಕೊಟ್ಟು, ಅದನ್ನೇ ಪ್ರೈಮರಿ ಕೀ, ಅಂದರೆ ಒಂದು ಸಾಲಿಗೆ ಮಾತ್ರ ಸಲ್ಲುವ ಗುರುತು ಮಾಡಿ, ಸಾಲು ಸೇರಿಸುವ ‘ಇನ್ಸರ್ಟ್’ ಆದೇಶಕ್ಕೆ ನಾನು ‘ಆನ್ ಕಾನ್‌ಫ್ಲಿಕ್ಟ್ ... ಡು ಅಪ್‌ಡೇಟ್’ (ಆ ಗುರುತಿನ ಸಾಲು ಆಗಲೇ ಇದ್ದರೆ ಅದನ್ನೇ ತಿದ್ದು) ಸೇರಿಸಿದೆ. ಪೋಸ್ಟ್‌ಗ್ರೆಸ್ 9.5ರಿಂದ ಈ ಸೌಲಭ್ಯವಿದೆ. ಎಷ್ಟು ಸಲ ಕಳುಹಿಸಿದರೂ ಈಗ ಸಾಲು ಒಂದೇ. ಹಳೆಯ ಜೋಡಿಗಳನ್ನು ಮಾತ್ರ ಕೈಯಾರೆ ಹೆಕ್ಕಬೇಕಾಯಿತು, ಬೇಸರದ ಕೆಲಸ.

ರದ್ದಾದ ಬಿಲ್ಲಿನ ಸಾಲನ್ನು ಅಳಿಸುವುದಿಲ್ಲ, ‘ರದ್ದು’ ಗುರುತು ಹಾಕುತ್ತೇನೆ. ಅಳಿಸಿಬಿಟ್ಟರೆ ಇದೇ ಆ್ಯಪ್ ಇರುವ ಎರಡನೇ ಫೋನಿಗೆ ಬಿಲ್ಲು ರದ್ದಾದ ಸುದ್ದಿಯೇ ಮುಟ್ಟುವುದಿಲ್ಲ.